ಮೇಣ ಮೆತ್ತಿಸಿಕೊಳ್ಳದೆ ಹಲಸಿನ ಹಣ್ಣು ಬಿಡಿಸುವ ಬಗೆ

ಕಳೆದ ಮೇ ತಿಂಗಳ ಒಂದು ಭಾನುವಾರ ತಂಗಿಯ ಮಗಳು ಫೋನ್ ಮಾಡಿದಳು. ಕಾಸರಗೋಡು ಪೇಟೆಯಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ಅವಳದ್ದು. "ದೊಡ್ಡಮ್ಮಾ, ಕತ್ತಿ ಹಲಸಿನ ಹಣ್ಣಿನೊಳಗೆ ಸಿಕ್ಕಿಬಿದ್ದಿದೆ. ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ." ಎರಡೂ ಕೈಗೆ ಮೇಣ ಮೆತ್ತಿ, ಬೆರಳಿಗೆ ಬೆರಳು ಅಂಟಿ, ಕೊನೆಗೆ ಮೂಗಿನ ತುದಿಯಿಂದ ಫೋನ್ ಒತ್ತಿದ್ದಳಂತೆ.

ನಾನು ಕೇಳಿದ್ದು ಒಂದೇ ಮಾತು. "ಎಣ್ಣೆ ಹಚ್ಚಿದ್ಯಾ?"

"ಕೊರೆದಾದ ಮೇಲೆ, ಕೈ ತೊಳೆಯುವಾಗ ಹಚ್ಚುವಾ ಅಂತ ಇದ್ದೆ."

ಎಡವಿದ್ದು ಅಲ್ಲೇ. ಹಲಸಿನ ಹಣ್ಣು ಕೊರೆಯಲು ರಟ್ಟೆಯಲ್ಲಿ ಬಲ ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೇಕಾದ್ದು ಕ್ರಮ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿದ್ದರೆ ಹತ್ತು ಕಿಲೋದ ಹಣ್ಣನ್ನು ಒಬ್ಬರೇ ಕೂತು ಮುಕ್ಕಾಲು ಗಂಟೆಯಲ್ಲಿ ಬಿಡಿಸಿ ಮುಗಿಸಬಹುದು. ಅವತ್ತು ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ತೋಟದ ಬದಿಯಲ್ಲಿ ಹಲಸಿನ ಮರ ಇಲ್ಲದ ಮನೆ ಇಲ್ಲಿ ಕಡಿಮೆ. 2018ರ ಮಾರ್ಚ್ 21ರಂದು ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿದಾಗ ನಮ್ಮಲ್ಲಿ ಅನೇಕರಿಗೆ ನಗು ಬಂದಿತ್ತು. ಮರದಡಿಯಲ್ಲಿ ಕೊಳೆತು ಬೀಳುವ ಹಣ್ಣಿಗೆ ಕಿರೀಟ! ಆದರೆ ಈ ಹಣ್ಣಿಗೆ ಮರ್ಯಾದೆ ಬರಬೇಕೆಂದು ವರ್ಷಗಟ್ಟಲೆ ಬರೆದವರು ನಮ್ಮ ಪೆರ್ಲ ಕಡೆಯವರೇ, ಕೃಷಿ ಮಾಸಿಕ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು. ಈಗ ಪೇಟೆಯಲ್ಲಿ ದುಡ್ಡು ಕೊಟ್ಟು ಹಲಸು ಕೊಳ್ಳುವವರು ಜಾಸ್ತಿಯಾಗಿದ್ದಾರೆ. ಕೊರೆಯಲು ಬರುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ.

ಬಕ್ಕೆಯೋ ತುಳುವವೋ?

ಕತ್ತಿ ಹುಡುಕುವ ಮೊದಲು ಇದು ಗೊತ್ತಾಗಬೇಕು. ಬಕ್ಕೆ ಹಲಸಿನ ಸೊಳೆ (ತಿನ್ನುವ ತೊಳೆ) ಗಟ್ಟಿ, ಕಚ್ಚಿದರೆ ಕರುಂ ಎನ್ನುತ್ತದೆ. ತುಳುವದ ಸೊಳೆ ಮೆತ್ತಗೆ, ನಾರು ಜಾಸ್ತಿ, ಗಂಟಲಲ್ಲಿ ಜಾರಿ ಹೋಗುತ್ತದೆ. ಮಲಯಾಳದವರ ಅಂಗಡಿಯಲ್ಲಾದರೆ 'ವರಿಕ್ಕ' ಅಂದರೆ ಬಕ್ಕೆ, 'ಕೂಳ' ಅಂದರೆ ತುಳುವ. ಹೊರಗಿನಿಂದ ನೋಡಿ ಹೇಳುವುದು ಸುಲಭವಲ್ಲ. ಹಣ್ಣಾದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ. ತುಳುವವಾದರೆ ಬೆರಳು ಒಳಗೆ ಹೋಗುವಷ್ಟು ಬಗ್ಗುತ್ತದೆ. ಬಕ್ಕೆ ಹಣ್ಣಾದರೂ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಕೊಳ್ಳುವಾಗ ಅಂಗಡಿಯವರಲ್ಲಿ ಕೇಳಿಬಿಡಿ, ಸುಮ್ನೆ ಊಹೆ ಮಾಡಬೇಡಿ. ಎರಡನ್ನೂ ಬಿಡಿಸುವ ರೀತಿ ಬೇರೆ ಬೇರೆ.

ಹಣ್ಣಾಗಿದೆಯೋ ಎಂದು ತಿಳಿಯಲು ಮೂರು ಗುರುತು. ಮುಳ್ಳುಗಳ ತುದಿ ಮೊಂಡಾಗಿ ಒಂದಕ್ಕೊಂದು ದೂರ ಸರಿದಂತೆ ಕಾಣಬೇಕು. ಕೈಯಿಂದ ಬಡಿದರೆ ಕಾಯಿಯ 'ಟಣ್ ಟಣ್' ಹೋಗಿ 'ಡಬ್ ಡಬ್' ಎಂಬ ಟೊಳ್ಳು ಶಬ್ದ ಬರಬೇಕು. ಮೂರನೆಯದು ವಾಸನೆ. ಅದನ್ನು ವಿವರಿಸಬೇಕಾಗಿಲ್ಲ, ಬಾಗಿಲು ತೆರೆದ ಕೂಡಲೇ ಗೊತ್ತಾಗುತ್ತದೆ. ಹುಳಿ ಹುಳಿಯಾಗಿ ಕಳ್ಳಿನ ವಾಸನೆ ಬಂದರೆ ಹಣ್ಣು ಮೀರಿದೆ ಎಂದರ್ಥ. 2025ರಲ್ಲಿ ಕೇರಳದ ಪಂದಳದ ಸರಕಾರಿ ಬಸ್ ಡಿಪೋದಲ್ಲಿ ಹಲಸಿನ ಹಣ್ಣು ತಿಂದು ಬಂದ ಚಾಲಕರು ಕುಡಿದಿದ್ದಾರೆ ಎಂದು ಉಸಿರು ನೋಡುವ ಮೆಷಿನು ತೋರಿಸಿ ದೊಡ್ಡ ಸುದ್ದಿಯಾಗಿತ್ತು, ನೆನಪಿದೆಯಲ್ವಾ?

ಕಾಯಿಯಾಗಿಯೇ ತಂದಿದ್ದರೆ ಗೋಣಿಚೀಲದಲ್ಲಿ ಸುತ್ತಿ ಮೂಲೆಯಲ್ಲಿಡಿ. ಚೆನ್ನಾಗಿ ಬೆಳೆದ ಕಾಯಿ ನಾಲ್ಕೈದು ದಿವಸದಿಂದ ಒಂದು ವಾರದೊಳಗೆ ಹಣ್ಣಾಗುತ್ತದೆ. ದಿನಾ ಒಂದು ಸಲ ಮುಟ್ಟಿ ನೋಡಿ. ಬೆಳಗ್ಗೆ ಬಿಗಿ ಇದ್ದದ್ದು ಸಂಜೆಗೆ ಮೆತ್ತಗಾಗಿರುವುದೂ ಉಂಟು.

ಮೇಣ ಎಲ್ಲಿರುತ್ತದೆ?

ಇದೊಂದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಹಲಸಿನ ಹಣ್ಣು ಎಂದರೆ ಒಂದೇ ಹಣ್ಣಲ್ಲ, ನೂರಾರು ಹಣ್ಣುಗಳ ಗುಂಪು. ಒಂದೊಂದು ಸೊಳೆಯೂ ಒಂದೊಂದು ಹೂವಿನಿಂದ ಆದದ್ದು. ಕಾಯಿ ಕಟ್ಟದೆ ಉಳಿದ ಹೂಗಳೇ ಸೊಳೆಗಳ ನಡುವಿನ ಸಾರೆ. ತೊಟ್ಟಿನಿಂದ ಹೊರಟು ಹಣ್ಣಿನ ಉದ್ದಕ್ಕೂ ನಡುವಿನಲ್ಲಿ ಒಂದು ದಿಂಡು ಇರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಗೂಂಜು ಎನ್ನುತ್ತೇವೆ. ಹೊರಗಿನ ಮುಳ್ಳಿನ ಸಿಪ್ಪೆ ರೆಚ್ಚೆ. ಮೇಣದ ಮನೆ ಗೂಂಜು ಮತ್ತು ರೆಚ್ಚೆ. ಹಣ್ಣಾದ ಸೊಳೆಯಲ್ಲಿ ಮೇಣ ಇಲ್ಲವೆಂದೇ ಹೇಳಬಹುದು. ಹಾಗಾಗಿ ಗೂಂಜನ್ನು ಆದಷ್ಟು ಬೇಗ, ಆದಷ್ಟು ಕಡಿಮೆ ಪೆಟ್ಟಿನಲ್ಲಿ ತೆಗೆದುಹಾಕಿದರೆ ಆಯಿತು.

ಮೇಣಕ್ಕೆ ನೀರು ತಾಗುವುದಿಲ್ಲ, ಎಣ್ಣೆ ತಾಗುತ್ತದೆ. ಒದ್ದೆ ಕೈಗೆ ಎಣ್ಣೆ ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ. ಕೈ, ಕತ್ತಿ, ಮಣೆ ಎಲ್ಲ ಒಣಗಿದ್ದಾಗಲೇ ತೆಂಗಿನೆಣ್ಣೆ ಹಚ್ಚಬೇಕು.

ಕೊರೆಯುವ ಮುಂಚೆ

ಜಾಗ: ಅಡುಗೆಮನೆಯ ಕಟ್ಟೆ ಬೇಡ. ಹಿತ್ತಿಲು, ಜಗಲಿ, ಬಾಲ್ಕನಿ, ಎಲ್ಲಾದರೂ ನೆಲದಲ್ಲಿ ಕೂರಬಹುದಾದ ಕಡೆ ಆಗಬಹುದು. ನನ್ನ ಮದುವೆಯ ಹೊಸತರಲ್ಲಿ ನಾನು ಜಾಣತನ ಮಾಡಿ ಗ್ರಾನೈಟ್ ಕಟ್ಟೆಯ ಮೇಲೆ ಕೊರೆದಿದ್ದೆ. ಕಟ್ಟೆ ಹೇಗೋ ಶುಚಿಯಾಯಿತು. ನಲ್ಲಿಯ ತಿರುಗಣೆ, ಫ್ರಿಜ್ಜಿನ ಹಿಡಿ, ಬಾಗಿಲ ಚಿಲಕ, ಇಷ್ಟಕ್ಕೂ ನನ್ನ ಬೆರಳಿನ ಗುರುತು ಒಂದು ತಿಂಗಳು ಉಳಿದಿತ್ತು. ಅತ್ತೆ ಏನೂ ಹೇಳಲಿಲ್ಲ. ಚಿಲಕ ಮುಟ್ಟಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು, ಅಷ್ಟೆ.

ನೆಲಕ್ಕೆ ಹಳೆ ಪೇಪರನ್ನು ನಾಲ್ಕೈದು ಪದರ ಹಾಸಿ. ಅದರ ಮೇಲೆ ಬಾಳೆಲೆ ಇದ್ದರೆ ಇನ್ನೂ ಒಳ್ಳೆಯದು, ಪೇಪರು ಹಣ್ಣಿಗೆ ಅಂಟುವುದಿಲ್ಲ. ತೋಟದ ಮನೆಯವರಿಗೆ ಅಡಿಕೆ ಹಾಳೆ ಇದೆ. ಎರಡು ಹಾಳೆ ಮಲಗಿಸಿದರೆ ಒಂದರಲ್ಲಿ ಹಣ್ಣು, ಇನ್ನೊಂದರಲ್ಲಿ ಕಸ. ಕೆಲಸ ಮುಗಿದ ಮೇಲೆ ಹಾಳೆಯನ್ನೇ ಎತ್ತಿ ಎಸೆದರೆ ತೊಳೆಯುವ ರಗಳೆ ಇಲ್ಲ.

ಕತ್ತಿ: ಉದ್ದದ್ದು, ಅಲಗು ನುಣ್ಣಗಿರುವಂಥದ್ದು. ಬ್ರೆಡ್ ಕೊಯ್ಯುವ ಗರಗಸದಂಥ ಚಾಕು ಖಂಡಿತ ಬೇಡ, ಹಲ್ಲಿನ ಸಂದಿಯಲ್ಲಿ ಸೇರಿದ ಮೇಣ ಜನ್ಮದಲ್ಲಿ ಹೋಗುವುದಿಲ್ಲ. ಮೆಟ್ಟುಕತ್ತಿ (ಈಳಿಗೆಮಣೆ) ಇದ್ದು, ಕೂತು ಅಭ್ಯಾಸವಿದ್ದರೆ ಹೋಳುಗಳನ್ನು ಮತ್ತೆ ಸೀಳಿ ಗೂಂಜು ತೆಗೆಯುವ ಹಂತಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಎರಡು ಕೈಯೂ ಹಣ್ಣು ಹಿಡಿಯಲು ಸಿಗುತ್ತದೆ. ಅಭ್ಯಾಸ ಇಲ್ಲದವರು ಎಣ್ಣೆ ಕೈಯಲ್ಲಿ ಮೆಟ್ಟುಕತ್ತಿಯ ಹತ್ತಿರ ಹೋಗಬೇಡಿ. ಜಾರಿದರೆ ಹಣ್ಣಿನ ಬದಲು ಕೈ.

ಹತ್ತಿರ ಇಟ್ಟುಕೊಳ್ಳಬೇಕಾದವು: ಬಟ್ಟಲಲ್ಲಿ ತೆಂಗಿನೆಣ್ಣೆ (ಬಾಟಲಿ ಬೇಡ, ಮೇಣದ ಕೈಯಲ್ಲಿ ಮುಚ್ಚಳ ತೆರೆಯಲು ಆಗುವುದಿಲ್ಲ), ಹರಿದ ಪೇಪರ್ ತುಂಡುಗಳು, ಗೇಣುದ್ದದ ಒಂದು ಒಣ ಕಡ್ಡಿ, ಸೊಳೆಗೆ ಒಂದು ಪಾತ್ರೆ, ಬೇಳೆಗೆ (ಹಲಸಿನ ಬೀಜಕ್ಕೆ) ಇನ್ನೊಂದು. ಇಷ್ಟೂ ಕೈಗೆಟಕುವಂತೆ ಇರಲಿ. ನಡುವೆ ಎದ್ದು ಹೋಗುವ ಹಾಗಿಲ್ಲ. ಫೋನನ್ನು ದೂರ ಇಡಿ. ಕೂದಲು ಕಟ್ಟಿಕೊಳ್ಳಿ. ಹಳೆ ಬಟ್ಟೆ ಹಾಕಿಕೊಳ್ಳಿ.

ಈಗ ಎಣ್ಣೆ. ಅಂಗೈ, ಕೈಯ ಹಿಂಭಾಗ, ಬೆರಳ ಸಂದಿ, ಉಗುರಿನ ಸುತ್ತ ಹಚ್ಚಿ. ಮಣಿಕಟ್ಟನ್ನು ಹೆಚ್ಚಿನವರು ಮರೆಯುತ್ತಾರೆ, ಮೇಣ ಮೊದಲು ಹಿಡಿಯುವುದೇ ಅಲ್ಲಿ. ಕತ್ತಿಯ ಅಲಗಿನ ಎರಡೂ ಬದಿಗೆ ಹಚ್ಚಿ. ಹಿಡಿಗೆ ಮಾತ್ರ ಹಚ್ಚಬೇಡಿ, ಕತ್ತಿ ಹಿಡಿಯುವ ಮೊದಲು ಬಲ ಅಂಗೈಯನ್ನು ಪೇಪರಿನಲ್ಲಿ ಒಮ್ಮೆ ಒರೆಸಿ. ಕೈಗೆ ಗ್ಲೌಸ್ ಹಾಕುವವರು ಗ್ಲೌಸಿನ ಮೇಲೂ ಎಣ್ಣೆ ಹಚ್ಚಬೇಕು. ಇಲ್ಲವಾದರೆ ಗ್ಲೌಸೇ ಹಣ್ಣಿಗೆ ಅಂಟಿ ಕಿತ್ತು ಬರುತ್ತದೆ.

ಬಕ್ಕೆ ಹಣ್ಣು ಕೊರೆಯುವುದು

ಹಣ್ಣು ಉರುಳದ ಹಾಗೆ ಮಡಚಿದ ಗೋಣಿಯ ಮೇಲೆ ಅಡ್ಡಕ್ಕೆ ಮಲಗಿಸಿ. ಮೊದಲು ತೊಟ್ಟನ್ನು ಬುಡಕ್ಕೆ ತುಂಡು ಮಾಡಿ, ಬಿಳಿ ಮೇಣ ಬಂದರೆ ಪೇಪರಿನಲ್ಲಿ ಒತ್ತಿ ತೆಗೆಯಿರಿ. ಉಜ್ಜಬೇಡಿ, ಒತ್ತಿ.

ಆಮೇಲೆ ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಸೀಳಬೇಕು. ಅಂಗಡಿಗಳಲ್ಲಿ ಅಡ್ಡಕ್ಕೆ ಕೊರೆದು ಚಕ್ರದಂತೆ ಇಟ್ಟಿರುತ್ತಾರೆ. ನೋಡಲು ಚಂದ, ಮಾರಲು ಒಳ್ಳೆಯದು. ಮನೆಗೆ ನಾನು ಅದನ್ನು ಒಪ್ಪುವುದಿಲ್ಲ. ಅಡ್ಡಕ್ಕೆ ಕೊರೆದರೆ ಪ್ರತಿ ತುಂಡಿನ ನಡುವೆಯೂ ಗೂಂಜಿನ ಒಂದು ಬಿಲ್ಲೆ ಕೂತಿರುತ್ತದೆ, ಒಂದೊಂದನ್ನೂ ತೋಡಿ ತೆಗೆಯಬೇಕು. ಉದ್ದಕ್ಕೆ ಸೀಳಿದರೆ ಗೂಂಜು ಉದ್ದ ಪಟ್ಟಿಯಾಗಿ ಸಿಗುತ್ತದೆ, ಒಂದೇ ಎಳೆತಕ್ಕೆ ಹೋಗುತ್ತದೆ.

ಕತ್ತಿಯನ್ನು ಮೇಲಿನಿಂದ ಕುಕ್ಕಬೇಡಿ. ಅಲಗನ್ನು ಇಟ್ಟು, ಇನ್ನೊಂದು ಅಂಗೈಯನ್ನು ಅಲಗಿನ ಬೆನ್ನಿನ ಮೇಲಿಟ್ಟು, ತೂಗಿದ ಹಾಗೆ ಹಿಂದೆ ಮುಂದೆ ಆಡಿಸುತ್ತಾ ಇಳಿಸಿ. ಮೊದಲು ರೆಚ್ಚೆಯ ಬಿಗಿ, ಆಮೇಲೆ ಸೊಳೆಯ ಮೆದು, ನಡುವೆ ಬೇಳೆ ಸಿಕ್ಕಿದಾಗ ಕಟಕ್ ಎಂದು ಸಣ್ಣ ತಡೆ, ಕೊನೆಗೆ ಗೂಂಜಿನ ಗಟ್ಟಿ. ಕೈಗೆ ಎಲ್ಲ ತಿಳಿಯುತ್ತದೆ. ಕತ್ತಿ ಸಿಕ್ಕಿಕೊಂಡರೆ ಎಳೆದಾಡಬೇಡಿ. ಅಲಗಿನ ಎರಡೂ ಬದಿಯಲ್ಲಿ ಅರ್ಧ ಚಮಚ ಎಣ್ಣೆ ಹನಿಸಿ, ಒಂದು ನಿಮಿಷ ಬಿಟ್ಟು, ಮೆಲ್ಲಗೆ ಅಲ್ಲಾಡಿಸಿ. ತಂಗಿಯ ಮಗಳ ಕತ್ತಿ ಬಿಡಿಸಿದ್ದು ಹೀಗೆಯೇ, ಫೋನಿನಲ್ಲಿ.

ಎರಡು ಹೋಳಾದ ಕೂಡಲೇ ಗೂಂಜಿನ ಉದ್ದಕ್ಕೂ ಹಾಲಿನಂಥ ಮೇಣ ಮಣಿಮಣಿಯಾಗಿ ಮೂಡುತ್ತದೆ. ಇಲ್ಲಿ ಆತುರ ಬೇಡ. ಕಡ್ಡಿ ಕೈಗೆತ್ತಿಕೊಳ್ಳಿ. ಗೂಂಜಿನ ಮೇಲೆ ಕಡ್ಡಿಯನ್ನು ತಾಗಿಸಿ, ಬತ್ತಿ ಹೊಸೆಯುವ ಹಾಗೆ ತಿರುಗಿಸುತ್ತಾ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ. ಮೇಣಕ್ಕೆ ಮೇಣವೇ ಅಂಟುತ್ತದೆ. ಎಳೆ ಎಳೆಯಾಗಿ ಬಂದು ಕಡ್ಡಿಗೆ ಸುತ್ತಿಕೊಳ್ಳುತ್ತದೆ, ಎರಡು ಸುತ್ತು ಹೋದರೆ ಗೂಂಜು ಒಣಗಿದ ಹಾಗೆ ಕಾಣುತ್ತದೆ. ಪೇಪರಿನಲ್ಲಿ ಒರೆಸುವುದಕ್ಕಿಂತ ಇದು ಎಷ್ಟೋ ಶುಚಿ. ನಮ್ಮ ಅಜ್ಜಿ ಈ ಕಡ್ಡಿಯನ್ನು ಎಸೆಯುತ್ತಿರಲಿಲ್ಲ, ಮಾಡಿನ (ಛಾವಣಿಯ) ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದರು. ಬಾಲ್ದಿಯ ತಳದಲ್ಲಿ ತೂತು ಬಿದ್ದರೆ ಅದೇ ಮೇಣವನ್ನು ಬಿಸಿ ಮಾಡಿ ಮೆತ್ತುವುದು.

ಎಣ್ಣೆ ಇನ್ನೊಮ್ಮೆ, ಕೈಗೂ ಕತ್ತಿಗೂ. ಪ್ರತಿ ಹೋಳನ್ನು ಮತ್ತೆ ಉದ್ದಕ್ಕೆ ಎರಡು ಮಾಡಿ. ಈಗ ನಾಲ್ಕು ಕಡಿ. ಒಂದು ಕಡಿಯನ್ನು ರೆಚ್ಚೆ ಕೆಳಗಾಗಿ ಹಿಡಿದರೆ ಮೇಲಿನ ಏಣಿನಲ್ಲಿ ಗೂಂಜು ಬಿಳಿ ಪಟ್ಟಿಯಾಗಿ ಕಾಣುತ್ತದೆ. ಸೊಳೆಯ ಬುಡ ಗೂಂಜಿಗೆ ಅಂಟಿರುವ ಜಾಗದಲ್ಲಿ ಕತ್ತಿ ಇಟ್ಟು, ಆ ತುದಿಯಿಂದ ಈ ತುದಿಗೆ ಒಂದೇ ಪಟ್ಟಿಯಾಗಿ ಕೆತ್ತಿ ತೆಗೆಯಿರಿ. ಗೂಂಜು ಉಳಿಸಿದರೆ ಮೇಣ ಉಳಿಯಿತು, ಜಾಸ್ತಿ ಆಳಕ್ಕೆ ಹೋದರೆ ಸೊಳೆ ಹೋಯಿತು. ಮೊದಲ ಕಡಿಯಲ್ಲಿ ಹೆಚ್ಚು ಕಡಿಮೆ ಆಗುತ್ತದೆ. ನಾಲ್ಕನೆಯದಕ್ಕೆ ಕೈ ಪಳಗುತ್ತದೆ.

ಗೂಂಜಿನ ಪಟ್ಟಿಗಳನ್ನು ಕೂಡಲೇ ಕಸದ ಹಾಳೆಗೆ ಹಾಕಿ ಪೇಪರು ಮುಚ್ಚಿ. ಅಲ್ಲೇ ಇಟ್ಟರೆ ಹತ್ತು ಸಲ ಕೈ ತಾಗುತ್ತದೆ.

ಇನ್ನು ಕತ್ತಿ ಬೇಡ. ಕಡಿಯ ಎರಡು ತುದಿಯನ್ನು ಹಿಡಿದು, ರೆಚ್ಚೆಯನ್ನು ಹಿಂದಕ್ಕೆ ಬಗ್ಗಿಸಿ, ಬಿಲ್ಲು ಬಗ್ಗಿಸಿದ ಹಾಗೆ. ಸೊಳೆಗಳೆಲ್ಲ ಬಾಯಿ ತೆರೆದಂತೆ ಎದ್ದು ನಿಲ್ಲುತ್ತವೆ. ಸಾರೆಯನ್ನು ಬೆರಳಿನಿಂದ ಬದಿಗೆ ಸರಿಸಿ, ಸೊಳೆಯ ಮೇಲ್ತುದಿ ಹಿಡಿದು ಸ್ವಲ್ಪ ತಿರುಚಿ ಎಳೆದರೆ ರೆಚ್ಚೆಯಿಂದ ಕಳಚಿ ಬರುತ್ತದೆ. ಸೊಳೆಯನ್ನು ಹೆಬ್ಬೆರಳಿನಿಂದ ಉದ್ದಕ್ಕೆ ಸೀಳಿ ಬೇಳೆ ತೆಗೆಯಿರಿ. ಬೇಳೆಯ ಸುತ್ತ ಒಂದು ತೆಳ್ಳಗಿನ ಪೊರೆ ಇರುತ್ತದೆ, ಅದನ್ನೂ ತೆಗೆಯಬೇಕು. ಇಲ್ಲವಾದರೆ ತಿನ್ನುವಾಗ ಬಾಯಲ್ಲಿ ಪ್ಲಾಸ್ಟಿಕ್ ಸಿಕ್ಕಿದ ಹಾಗೆ. ರೆಚ್ಚೆಗೆ ತಾಗಿದ್ದ ಕಡೆ ಬಿಳಿ ನಾರು ಉಳಿದಿದ್ದರೆ ಚಿವುಟಿ ಎಸೆಯಿರಿ.

ಸೊಳೆಯನ್ನು ನೀರಿಗೆ ಹಾಕಬೇಡಿ. ತೊಳೆಯಲೇಬೇಕು ಎಂಬ ಶುಚಿವಂತರು ನಮ್ಮ ಮನೆಯಲ್ಲೂ ಇದ್ದಾರೆ. ರುಚಿಯೂ ಪರಿಮಳವೂ ನೀರಿನ ಜೊತೆ ಹೋಗುತ್ತದೆ, ಬೇಗ ಹಾಳಾಗುವುದೂ ಹೌದು. ಕೈ, ಕತ್ತಿ ಶುಚಿಯಿದ್ದರೆ ತೊಳೆಯುವ ಕೆಲಸವೇ ಇಲ್ಲ. ಒಂದು ಹಣ್ಣಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಸೊಳೆ ಸಿಕ್ಕಿದರೆ ಲೆಕ್ಕ ಸರಿಯಾಯಿತು.

ತುಳುವವಾದರೆ

ಕತ್ತಿಯ ಕೆಲಸ ತೊಟ್ಟಿನ ಹತ್ತಿರ ಮಾತ್ರ. ತೊಟ್ಟಿನ ಸುತ್ತ ಒಂದಿಂಚು ಆಳಕ್ಕೆ ಗೀರಿ, ಅಲ್ಲಿಂದ ಕೆಳಕ್ಕೆ ರೆಚ್ಚೆಯಲ್ಲಿ ಒಂದು ಉದ್ದ ಗೀರು ಹಾಕಿ. ಆ ಗೀರಿಗೆ ಎರಡು ಹೆಬ್ಬೆರಳು ಹಾಕಿ ತೆರೆದರೆ ಹಣ್ಣು ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತದೆ. ಚೆನ್ನಾಗಿ ಹಣ್ಣಾಗಿದ್ದರೆ ತೊಟ್ಟು ಹಿಡಿದು ಮೇಲೆತ್ತಿದಾಗ ಗೂಂಜು ಇಡಿಯಾಗಿ ಕಿತ್ತು ಬರುತ್ತದೆ. ಈ ಹಣ್ಣಿನಲ್ಲಿ ಮೇಣದ ಉಪದ್ರ ಕಡಿಮೆ, ರಸದ್ದು ಜಾಸ್ತಿ. ಮೊಣಕೈವರೆಗೆ ಇಳಿಯುತ್ತದೆ.

ತುಳುವದ ಸೊಳೆಯನ್ನು ಮಿಕ್ಸಿಗೆ ಹಾಕಿದರೆ ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ತೂತು ದೊಡ್ಡದಿರುವ ಜರಡಿಯ ಮೇಲೆ ಬೇಳೆ ತೆಗೆದ ಸೊಳೆ ಹಾಕಿ, ಅಂಗೈಯಿಂದ ಉಜ್ಜಿ. ರಸ ಕೆಳಗೆ, ನಾರು ಮೇಲೆ. ಕೊಟ್ಟಿಗೆ (ಆವಿಯಲ್ಲಿ ಬೇಯಿಸುವ ಕಡುಬು), ಮುಳ್ಕ (ಎಣ್ಣೆಯಲ್ಲಿ ಕರಿಯುವ ಸಿಹಿ ಉಂಡೆ), ಪಾಯಸ, ಬೆರಟಿ (ಬೆಲ್ಲ ಹಾಕಿ ಗಟ್ಟಿಯಾಗಿ ಕಾಯಿಸಿದ ಪಾಕ) ಯಾವುದಕ್ಕೂ ಈ ರಸವೇ ಆಗುತ್ತದೆ. ನನ್ನನ್ನು ಕೇಳಿದರೆ ಕೊಟ್ಟಿಗೆಗೆ ತುಳುವವೇ ಸೈ. ಬಕ್ಕೆಯದ್ದು ಪೇಟೆಯವರ ರುಚಿ.

ಕೈ, ಕತ್ತಿ, ಚಿಲಕ

ಕೆಲಸ ಮುಗಿದ ಕೂಡಲೇ ನಲ್ಲಿಯ ಹತ್ತಿರ ಓಡಬೇಡಿ. ಮೊದಲು ಎಣ್ಣೆ. ಮೇಣ ಇರುವಲ್ಲಿ ಎಣ್ಣೆ ಹಾಕಿ ಎರಡು ನಿಮಿಷ ತಿಕ್ಕಿ. ಕಪ್ಪು ಕಪ್ಪು ಉಂಡೆಯಾಗಿ ಎದ್ದು ಬರುತ್ತದೆ. ಅದನ್ನು ಒಣ ಪೇಪರಿನಲ್ಲಿ ಒರೆಸಿ. ಆಮೇಲೆ ಸಾಬೂನು, ಆಮೇಲೆ ಬಿಸಿನೀರು. ಕತ್ತಿಗೂ ಇದೇ ಕ್ರಮ. ಹಟ ಹಿಡಿದ ಮೇಣವಿದ್ದರೆ ಅಲಗನ್ನು ಒಲೆಯ ಉರಿಯ ಮೇಲೆ ಒಂದೆರಡು ಸಲ ಹಾಯಿಸಿ, ಮೇಣ ಮೆತ್ತಗಾದಾಗ ದಪ್ಪ ಪೇಪರಿನಲ್ಲಿ ಒರೆಸಿ. ಅಲಗು ಬಿಸಿಯಿರುತ್ತದೆ, ಜಾಗ್ರತೆ. ಪ್ಲಾಸ್ಟಿಕ್ ಹಿಡಿಯ ಚಾಕುವಿಗೆ ಈ ಉಪಾಯ ಬೇಡ. ಹಿಂದೆ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಹಾಕಿ ಒರೆಸುತ್ತಿದ್ದರು. ಮೇಣ ಹೋಗುತ್ತದೆ ನಿಜ, ಆದರೆ ಆ ವಾಸನೆ ಮಾರನೇ ದಿನದ ಪಲ್ಯದಲ್ಲೂ ಇರುತ್ತದೆ.

ಮಕ್ಕಳ ಕೂದಲಿಗೆ ಹಿಡಿದರೆ ಕತ್ತರಿ ತರಬೇಡಿ. ಧಾರಾಳ ತೆಂಗಿನೆಣ್ಣೆ ಹಾಕಿ, ಅರ್ಧ ಗಂಟೆ ಬಿಟ್ಟು, ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಿಡಿಸುತ್ತಾ ಬನ್ನಿ.

ಉಳಿದ ಸೊಳೆ ಮತ್ತು ಬೇಳೆ

ಸೊಳೆಯನ್ನು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಮುಚ್ಚಳ ಸಡಿಲಿದ್ದರೆ ಹಾಲು, ಮೊಸರು, ಬೆಣ್ಣೆ ಎಲ್ಲಕ್ಕೂ ಹಲಸಿನ ಪರಿಮಳ. ಜಾಸ್ತಿ ದಿನಕ್ಕೆ ಬೇಕಾದರೆ ಬೇಳೆ ತೆಗೆದ ಸೊಳೆಯನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ತುಂಬಿ. ನೇರ ಚೀಲಕ್ಕೆ ತುಂಬಿದರೆ ಇಟ್ಟಿಗೆಯಾಗುತ್ತದೆ.

ರೆಚ್ಚೆ, ಸಾರೆ ಹಟ್ಟಿಯ ದನಕ್ಕೆ ಇಷ್ಟ. ಒಮ್ಮೆಗೇ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ, ಎರಡು ಮೂರು ಸಲಕ್ಕೆ ಹಂಚಿ ಹಾಕಿ. ಫ್ಲ್ಯಾಟಿನವರು ಪೇಪರಿನಲ್ಲಿ ಕಟ್ಟಿ ಅದೇ ದಿನ ಹೊರಗೆ ಹಾಕಿ. ರಾತ್ರಿ ಮನೆಯೊಳಗೆ ಇಟ್ಟರೆ ಬೆಳಗ್ಗೆ ಊರಿನ ನೊಣವೆಲ್ಲ ನಿಮ್ಮಲ್ಲಿ.

ಬೇಳೆಯನ್ನು ಮಾತ್ರ ತೊಳೆಯಬೇಕು, ಜಿಗುಟು ಹೋಗುವವರೆಗೆ. ನೆರಳಿನಲ್ಲಿ ಎರಡು ದಿನ ಆರಿಸಿ. ಹಸಿಯಾಗಿ ತಿನ್ನುವಂಥದ್ದಲ್ಲ, ಬೇಯಿಸಬೇಕು ಅಥವಾ ಸುಡಬೇಕು. ಕೆಂಡದಲ್ಲಿ ಸುಡುವುದಾದರೆ ಪ್ರತಿ ಬೇಳೆಗೂ ಕತ್ತಿಯಲ್ಲಿ ಒಂದು ಗೀರು ಹಾಕಿ. ಇಲ್ಲವಾದರೆ ಒಳಗಿನ ಹಬೆಗೆ ಪಟಾಕಿಯ ಹಾಗೆ ಸಿಡಿದು ಬೂದಿಯೆಲ್ಲ ಮುಖಕ್ಕೆ. ಮಳೆಗಾಲಕ್ಕೆ ಇಡಬೇಕಾದರೆ ಹಿಂದಿನವರು ಕೆಮ್ಮಣ್ಣು ಮೆತ್ತಿ ಒಣಗಿಸಿ ಇಡುತ್ತಿದ್ದರು. ನಾನು ಒಣ ಹೊಯ್ಗೆಯಲ್ಲಿ (ಮರಳಿನಲ್ಲಿ) ಹುಗಿದಿಡುತ್ತೇನೆ. ಇನ್ನೊಂದು ದಾರಿ ಸಾಂತಾಣಿ: ಉಪ್ಪು ನೀರಿನಲ್ಲಿ ಬೇಯಿಸಿ, ಬಿಸಿಲಲ್ಲಿ ಕಲ್ಲಿನ ಹಾಗೆ ಆಗುವವರೆಗೆ ಒಣಗಿಸುವುದು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಜಗಲಿಯಲ್ಲಿ ಕೂತು ಬಾಯಿಗೆ ಹಾಕಿಕೊಂಡರೆ ಒಂದು ಕರಗಲು ಕಾಲು ಗಂಟೆ ಬೇಕು. ತಂಗಿಯ ಮಗಳು ಈ ಸಲ ಬೇಳೆಯನ್ನು ತೊಳೆದು ಇಟ್ಟಿದ್ದಾಳೆ, ಬಾಲ್ಕನಿಯ ಬಿಸಿಲು ಸಾಕಾಗುತ್ತದಾ ಅಂತ ಕೇಳುತ್ತಿದ್ದಾಳೆ. ಮೇ ತಿಂಗಳ ಬಿಸಿಲಾದರೆ ನಾಲ್ಕು ದಿನ ಸಾಕು. ಜೂನ್ ಬಂದರೆ ನನಗೇ ಕಳಿಸಿಕೊಡು ಅಂದಿದ್ದೇನೆ, ಇಲ್ಲಿ ಒಲೆಯ ಮೇಲಿನ ಅಟ್ಟ ಉಂಟಲ್ಲ.